ತಮ್ಮನ ಹೆಸರಿನಲ್ಲಿ ನನ್ನ ಬಿ.ಪಿ.

ನನ್ನ ಬಿ.ಪಿ. ನೂರಾ ಹದಿನೆಂಟು, ಎಪ್ಪತ್ತೆಂಟು. ಹರಿಹರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಒಬ್ಬರು ಅಳೆದು, ಕಾಗದದ ಮೇಲೆ ಬರೆದು, ಡಾಕ್ಟರ ಸಹಿ ಮಾಡಿಸಿ ಕೊಟ್ಟಿದ್ದಾರೆ. ಏಳನೇ ಕ್ಲಾಸು ಬಿಟ್ಟ ಮೇಲೆ ನನ್ನ ಬಗ್ಗೆ ಒಳ್ಳೆಯ ಮಾತು ಬರೆದಿರುವ ಕಾಗದ ಅದೊಂದೇ. ತೊಂದರೆ ಏನೆಂದರೆ, ಅದರ ಮೇಲಿರುವುದು ನನ್ನ ಹೆಸರಲ್ಲ, ನನ್ನ ತಮ್ಮನ ಹೆಸರು.

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಹಳೇ ಗೋಣಿಚೀಲದ ವ್ಯಾಪಾರ. ಅಪ್ಪ ಶುರು ಮಾಡಿದ್ದು. ಅಪ್ಪ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ದಬ್ಬಣ ಹಿಡಿದೆ. ಕಿರಾಣಿ ಸಗಟು ಅಂಗಡಿಗಳಲ್ಲಿ ಖಾಲಿಯಾದ ಚೀಲ ತಂದು, ಜಾಡಿಸಿ, ಒಳಮೈ ಹೊರಗೆ ತಿರುಗಿಸಿ, ಹರಿದ ಕಡೆ ತೇಪೆ ಹಾಕಿ, ಕಟ್ಟು ಕಟ್ಟಿ ಮತ್ತೆ ಮಾರುತ್ತೇವೆ. ತೇಪೆ ಯಾವತ್ತೂ ಒಳಗೆ ಹೋಗಬೇಕು, ಚೆನ್ನಾಗಿರುವ ಮಗ್ಗುಲು ಹೊರಗೆ ಬರಬೇಕು. ಇದರಲ್ಲಿ ಮೋಸ ಇಲ್ಲ. ಕೊಳ್ಳುವವನಿಗೂ ಹಳೇ ಚೀಲ ಅಂತ ಗೊತ್ತಿರುತ್ತದೆ, ಸಾಲಾಗಿ ಪೇರಿಸಿಟ್ಟಾಗ ನೋಡಲಿಕ್ಕೆ ನೆಟ್ಟಗಿದ್ದರೆ ಸಾಕು ಅವನಿಗೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೇಲೆ ಹರಿದದ್ದು ಏನು ಕಂಡರೂ ನನ್ನ ಕೈ ಮೊದಲು ಅದನ್ನು ಒಳಕ್ಕೆ ತಿರುಗಿಸಲಿಕ್ಕೆ ಹೋಗುತ್ತದೆ.

ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನನ್ನು ಚೀಲದ ಧೂಳಿಗೆ ಹಾಕಬಾರದು ಅಂತ ನಾನೇ ಹಟ ಹಿಡಿದು ಐ.ಟಿ.ಐ. ಓದಿಸಿದೆ. ಮುಗಿಸಿದ ವರ್ಷವೇ ಹರಿಹರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಕರೆ ಬಂತು. ಆಗ ಅವನಿಗೆ ಇಪ್ಪತ್ತೆರಡು. ಆಧಾರ್, ಫೋಟೋ, ಮಾರ್ಕ್ಸ್ ಕಾರ್ಡು ಎಲ್ಲ ಆಯಿತು. ಉಳಿದದ್ದು ಮೈ ಗಟ್ಟಿ ಇದೆ ಅನ್ನುವ ಸರ್ಟಿಫಿಕೇಟ್ ಒಂದು. ಅದಕ್ಕೆ ಗುತ್ತಿಗೆದಾರ ಎಲ್ಲರನ್ನೂ ಕಳಿಸುತ್ತಿದ್ದ ಕ್ಲಿನಿಕ್ಕಿಗೆ ಹೋದೆವು. ನಾನು ಯಾಕೆ ಹೋದೆ ಅಂದರೆ, ಅವನ ವಿಷಯದಲ್ಲಿ ನಾನಿಲ್ಲದೆ ಏನೂ ನಡೆಯುವುದಿಲ್ಲ ಅಂತ ಆಗ ನಂಬಿದ್ದೆ.

ಹೊರಗಿನ ಕೋಣೆಯಲ್ಲಿ ಬೆಂಚು, ಒಂದು ತೂಕದ ಯಂತ್ರ, ಗೋಡೆಗೆ ಅಕ್ಷರದ ಹಲಗೆ. ನರ್ಸಮ್ಮ ಎತ್ತರ, ತೂಕ, ಕಣ್ಣು ಎಲ್ಲ ನೋಡಿ ತೋಳಿಗೆ ಪಟ್ಟಿ ಸುತ್ತಿದರು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಏನಪ್ಪಾ, ಓಡಿ ಬಂದ್ಯಾ?"

"ಇಲ್ರೀ, ಬಸ್ಸಿಗೆ ಬಂದ್ವಿ."

"ನೂರಾ ಎಂಬತ್ತು ತೋರಿಸ್ತೈತೆ. ಕೆಳಗಿಂದು ನೂರಾ ಹದಿನಾರು. ಈ ವಯಸ್ಸಿಗೆ ಇದೇನಿದು? ಹತ್ತು ನಿಮಿಷ ಕೂತ್ಕ, ನೀರು ಕುಡಿ. ಇನ್ನೊಂದ್ಸಾರಿ ನೋಡಾಣ. ಇಷ್ಟೇ ಬಂದ್ರೆ ಡಾಕ್ಟ್ರು ದೊಡ್ಡಾಸ್ಪತ್ರಿಗೆ ಬರೀತಾರ."

ಇಲ್ಲಿ ಒಂದು ಮಾತು ಹೇಳಬೇಕು. ಮಂಡಿಪೇಟೆಯಲ್ಲಿ ಬಿ.ಪಿ. ಅಂದರೆ ಒಂದು ಅಂತಸ್ತು. ಹೊಟ್ಟೆ ಬಂದ, ಗಾದಿ ಮೇಲೆ ಕೂರುವ ಸಾವುಕಾರರು ಅದನ್ನು ಹೇಳಿಕೊಳ್ಳುವ ರೀತಿಯೇ ಬೇರೆ. "ನಮಗ ಬಿ.ಪಿ. ಐತಪ್ಪ, ಚಾದಾಗ ಸಕ್ರಿ ಕಮ್ಮಿ ಹಾಕು" ಅನ್ನುತ್ತಾರೆ. ಬಿ.ಪಿ.ಗೂ ಸಕ್ಕರೆಗೂ ಏನು ಸಂಬಂಧ ಅಂತ ಅವರಿಗೂ ಗೊತ್ತಿಲ್ಲ, ಚಹಾ ಕೊಡುವವನಿಗೂ ಗೊತ್ತಿಲ್ಲ. ನನ್ನ ತಮ್ಮ ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದು. ಅವನಿಗೆಲ್ಲಿಂದ ಬಿ.ಪಿ. ಬರಬೇಕು? ಹೆದರಿದ್ದಾನೆ ಅಂದುಕೊಂಡೆ.

ಹತ್ತು ನಿಮಿಷದೊಳಗೆ ಆ ನರ್ಸಮ್ಮ ಊಟಕ್ಕೆ ಹೋದರು, ಇನ್ನೊಬ್ಬರು ಬಂದು ಕೂತರು. ಕಾಗದ ನನ್ನ ಕೈಯಲ್ಲಿತ್ತು, ಬಿ.ಪಿ. ಅಂತ ಇರುವ ಜಾಗ ಖಾಲಿ ಇತ್ತು. ತಮ್ಮನ ಹೆಸರು ಕೂಗಿದರು. ಅವನು ಏಳಲಿಕ್ಕೆ ಹೋದ. ನಾನು ಅವನ ಭುಜ ಒತ್ತಿ ಕೂರಿಸಿ, ಎದ್ದು ಹೋಗಿ ಕುರ್ಚಿಯಲ್ಲಿ ಕೂತೆ. ನನಗೂ ಅವನಿಗೂ ಒಂದೇ ಮೂಗು. ವಯಸ್ಸು ಇಪ್ಪತ್ತೆರಡು ಅಂತ ಓದಿದ ಹೊಸ ನರ್ಸಮ್ಮ ನನ್ನ ಮುಖ ಒಂದು ಸಲ ನೋಡಿದರು.

"ಬಿಸಿಲಾಗೆ ಕೆಲಸೇನು?"

"ಹೂಂ ರೀ," ಅಂದೆ.

ಪಟ್ಟಿ ಬಿಚ್ಚಿ ನೂರಾ ಹದಿನೆಂಟು, ಎಪ್ಪತ್ತೆಂಟು ಅಂತ ಬರೆದರು. ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು ಅಂದರೆ ಸುಳ್ಳಲ್ಲ. ಡಾಕ್ಟರು ತಲೆ ಎತ್ತದೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ತಮ್ಮ ಕೇಳಿದ, "ಅಣ್ಣಾ, ನಿಜವಾಗ್ಲೂ ಏನಾದ್ರೂ ಇದ್ರೆ?"

"ಏನ್ ಇರ್ತೈತೆ ನಿನಗೆ? ಇರಾಕೆ ಜಾಗ ಬೇಕಲ್ಲೋ ಮೈಯಾಗೆ," ಅಂದೆ. ಅವನು ನಕ್ಕ. ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮನೆಗೆ ಬಂದೆವು.

ನಮ್ಮ ಮನೆ ಬಾತಿಯಲ್ಲಿ. ದಾವಣಗೆರೆಗೂ ಹರಿಹರಕ್ಕೂ ನಡುವೆ. ಬೆಳಿಗ್ಗೆ ನಾನು ರಸ್ತೆಯ ಈ ಕಡೆ ನಿಂತು ಮಂಡಿಪೇಟೆಗೆ ಹೋಗುತ್ತಿದ್ದೆ, ಅವನು ಆ ಕಡೆ ನಿಂತು ಕಾರ್ಖಾನೆಗೆ ಹೋಗುತ್ತಿದ್ದ. ಮೂರು ತಿಂಗಳಿಗೇ ತಲೆನೋವು ಅಂತ ಶುರು ಮಾಡಿದ. ಟವೆಲ್ಲು ಬಿಗಿಯಾಗಿ ಕಟ್ಟಿಕೊಂಡು ಮಲಗುತ್ತಿದ್ದ. ಮೊಬೈಲು ನೋಡಿ ನೋಡಿ ಬಂದದ್ದು ಅಂದೆ ನಾನು. ವಿಪರೀತ ನೀರು ಕುಡಿಯುತ್ತಿದ್ದ, ಆಗಾಗ ಹಿತ್ತಲಿಗೆ ಹೋಗುತ್ತಿದ್ದ. ಕಾರ್ಖಾನೆಯ ಉಷ್ಣ ಅಂದಳು ಅವ್ವ. ಆಮೇಲೆ ಮೀನಖಂಡ ಹಿಡಿದುಕೊಳ್ಳತೊಡಗಿತು, ಕೈಬೆರಳು ಸೊಟ್ಟಗಾಗುತ್ತಿದ್ದವು. ಒಂದೊಂದು ದಿನ ಮೆಟ್ಟಿಲು ಹತ್ತಲಿಕ್ಕೆ ಕಾಲು ಏಳುತ್ತಿರಲಿಲ್ಲ. ನಾನು ಕೆಲಸಗಳ್ಳ ಅಂದೆ. ಒಂದು ಕಾಯಿಲೆಗೆ ನಾನೂ ಅವ್ವನೂ ಸೇರಿ ಇಷ್ಟು ಹೆಸರು ಇಟ್ಟೆವು, ನಿಜವಾದ ಹೆಸರೊಂದು ಬಿಟ್ಟು.

ನನಗೆ ಆ ನೂರಾ ಎಂಬತ್ತು ಮರೆತಿರಲಿಲ್ಲ. ಚೀಲದ ಕಟ್ಟು ಎಣಿಸುವಾಗ ನೂರಾ ಎಂಬತ್ತು ಬಂದರೆ ಅಲ್ಲೇ ಒಂದು ಕ್ಷಣ ನಿಲ್ಲುತ್ತಿದ್ದೆ. ಆದರೆ ಈಗ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಇನ್ನು ಸ್ವಲ್ಪ ದಿನ ನೋಡೋಣ ಅಂದುಕೊಂಡೆ. ಹಾಗೆ ನೋಡುತ್ತಾ ಎರಡು ವರ್ಷ ಆಯಿತು.

ಒಂದು ಬೆಳಿಗ್ಗೆ ಬಸ್ಸು ಬಂದು ನಿಂತಿದೆ, ಇವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ಎತ್ತಲಾರದೆ ಹಾಗೇ ಕುಸಿದು ಕೂತ. ನಾನು ರಸ್ತೆ ದಾಟಿ ಓಡಿದೆ. ದಾವಣಗೆರೆಯಲ್ಲಿ ನಾವು ಯಾವಾಗಲೂ ತೋರಿಸುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನೂರಾ ಹತ್ತು, ನೂರಾ ಮೂವತ್ತು. ಮೊದಲು ಒಂದು ಮಾತ್ರೆ ಕೊಟ್ಟರು. ವಾರ ಬಿಟ್ಟು ಹೋದರೆ ಇಳಿದಿರಲಿಲ್ಲ. ಎರಡು ಮಾಡಿದರು, ಮೂರು ಮಾಡಿದರು. ಹತ್ತು ಇಳಿಯುತ್ತಿತ್ತು, ಮತ್ತೆ ಹತ್ತು ಏರುತ್ತಿತ್ತು.

ಮೂರನೇ ಸಲ ಡಾಕ್ಟರು ಹಳೆಯ ಕಾಗದ ಏನಾದರೂ ಇದೆಯೇ ಅಂತ ಕೇಳಿದರು. ತಮ್ಮನ ಫೈಲಿನಲ್ಲಿ ಆ ಸರ್ಟಿಫಿಕೇಟಿನ ಜೆರಾಕ್ಸ್ ಇತ್ತು. ಅವರು ಅದನ್ನು ತೆಗೆದು ಓದಿ ಕನ್ನಡಕ ಇಳಿಸಿದರು.

"ಎರಡು ವರ್ಷದ ಹಿಂದೆ ಇಷ್ಟು ಚೆನ್ನಾಗಿತ್ತು. ಈಗ ಏಕಾಏಕಿ ಹಿಂಗೆ ಆಗ್ಬೇಕಂದ್ರೆ ನೀನು ಏನೋ ತಗಳ್ತಿದೀಯ. ಜಿಮ್ಮಿನ ಪೌಡರಾ? ಕುಡಿಯೋದಾ? ಇಲ್ಲಾಂದ್ರೆ ನಾನು ಕೊಟ್ಟ ಮಾತ್ರೆ ನುಂಗ್ತಿಲ್ಲ."

"ಎಲ್ಲಾ ತಗಂಡೀನ್ರೀ ಸರ್," ಅಂದ ತಮ್ಮ.

"ತಗಂಡಿದ್ರೆ ಇಳೀಬೇಕಲ್ಲ?"

ತಮ್ಮ ನನ್ನ ಕಡೆ ತಿರುಗಿ ನೋಡಿದ. ಅಣ್ಣ ಹೇಳುತ್ತಾನೆ ಅಂತ ಕಾಯುತ್ತಿದ್ದ. ಅಣ್ಣ ಹೇಳಿದ.

"ಸುಳ್ಳು ಹೇಳ್ತಾನ್ರೀ ಸರ್. ಮಾತ್ರಿ ಎಲ್ಲಿ ಒಗೀತಾನೋ ಏನೋ. ಹೇಳಿದ ಮಾತು ಕೇಳಾದೇ ಇಲ್ಲ. ನೀವೇ ಒಂದೀಟು ಬೈರಿ."

ಡಾಕ್ಟರು ಬೈದರು. ಹೊರಗೆ ಕೂತವರಿಗೂ ಕೇಳಿಸಿತು. ಕೈಯಲ್ಲಿ ಆ ಕಾಗದ ಹಿಡಿದುಕೊಂಡೇ ಬೈದರು. ನಾನು ತಲೆ ಅಲ್ಲಾಡಿಸುತ್ತಾ ನಿಂತಿದ್ದೆ, ಜವಾಬ್ದಾರಿ ಇರುವ ಅಣ್ಣನ ಹಾಗೆ. ಆವತ್ತಿನಿಂದ ದಿನಾ ನನ್ನೆದುರಿಗೇ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದೆ. ನುಂಗುತ್ತಿದ್ದಾನೆ ಅಂತ ನನಗೆ ಮೊದಲೇ ಗೊತ್ತಿತ್ತು. ಆದರೂ ನೋಡುತ್ತಿದ್ದೆ.

ಮುಂದಿನ ತಿಂಗಳು ಅವನಿಗೆ ಕೆಲಸದಲ್ಲಿ ಅಳತೆಯ ಗೆರೆಗಳು ಕಾಣಿಸದೆ ಹೋದವು. ಎರಡೂ ಕಣ್ಣು ಮಂಜು, ಎಡಗಣ್ಣಿನ ಮುಂದಂತೂ ಹೊಗೆ ಹೊಗೆ ಅಂದ. ಕನ್ನಡಕ ಹಾಕಿಸೋಣ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಅವರು ಔಷಧಿ ಹನಿ ಬಿಟ್ಟು, ದೀಪ ಹಿಡಿದು ಒಳಗೆ ನೋಡಿದರು. ಕಣ್ಣಿನ ಹಿಂದಿನ ನರಗಳಲ್ಲಿ ರಕ್ತ ಸೋರಿದೆ, ಇದು ಬಿ.ಪಿ.ಯದ್ದು, ಒಂದೆರಡು ತಿಂಗಳಿನದ್ದಲ್ಲ, ಇನ್ನೂ ತಡ ಮಾಡಿದರೆ ಕಣ್ಣೂ ಹೋಗಬಹುದು, ತಲೆಯಲ್ಲಿ ನರವೂ ಒಡೆಯಬಹುದು ಅಂದರು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಬಿ.ಪಿ. ಅಂದರೆ ಕಿಡ್ನಿ ನೋಡಿಸಬೇಕು ಅಂತ ಅವರೇ ಚೀಟಿ ಬರೆದುಕೊಟ್ಟರು. ಹೀಗೆ ನಾವು ದೊಡ್ಡ ಆಸ್ಪತ್ರೆಯ ಕಿಡ್ನಿ ಡಾಕ್ಟರಮ್ಮನ ಎದುರು ಬಂದು ಕೂತೆವು. ಎರಡು ವರ್ಷದ ಹಿಂದೆ ಡಾಕ್ಟರು ಕಳಿಸುತ್ತಾರೆ ಅಂತ ಆ ಮೊದಲ ನರ್ಸಮ್ಮ ಅಂದದ್ದೂ ಇಂಥ ಕಡೆಗೇ.

ಡಾಕ್ಟರಮ್ಮ ಸಣ್ಣಗಿದ್ದರು, ಜೋರು ಮಾತಿಲ್ಲ. ತಂದೆ ತಾಯಿಗೆ ಬಿ.ಪಿ. ಇದೆಯೇ, ಕಾಲು ಸೋಲುತ್ತದೆಯೇ, ಬಾಯಾರಿಕೆ ಹೇಗೆ, ಎಲ್ಲ ಕೇಳಿದರು. ನಾವು ಬೇರೆ ಬೇರೆ ಹೆಸರಿಟ್ಟಿದ್ದ ಎಲ್ಲವನ್ನೂ ಅವರು ಒಂದೇ ಸಾಲಿನಲ್ಲಿ ಬರೆದುಕೊಂಡರು. ಕೊನೆಗೆ ಕೇಳಿದರು, "ಬಿ.ಪಿ. ಜಾಸ್ತಿ ಅಂತ ಮೊದಲನೇ ಸಲ ಯಾವಾಗ ಗೊತ್ತಾಯ್ತು?"

ತಮ್ಮ ನೆಲ ನೋಡಿದ. ಈ ಸಲ ನನ್ನ ಕಡೆ ತಿರುಗಲಿಲ್ಲ. ಅವನು ತಿರುಗಿದ್ದರೆ ಬಹುಶಃ ಮತ್ತೆ ಏನಾದರೂ ಸುಳ್ಳು ಹೇಳುತ್ತಿದ್ದೆ.

"ಮೇಡಮ್ಮೋರೆ, ಆ ಸರ್ಟಿಫಿಕೇಟು ಐತಲ್ರೀ, ಅದು ಒಂಚೂರು ಏನಾತಪ್ಪಾ ಅಂದ್ರೆ," ಅಂತ ಶುರು ಮಾಡಿದೆ. ಗೋಣಿಚೀಲದ ವ್ಯಾಪಾರ, ಅಪ್ಪ ತೀರಿಕೊಂಡಿದ್ದು, ಗುತ್ತಿಗೆದಾರನ ಅವಸರ, ಎಲ್ಲ ಸುತ್ತಿ ಬಂದೆ. ಅವರು ಪೆನ್ನು ಹಿಡಿದು ಕಾದರು. "ಅದ್ರಾಗಿರೋ ಬಿ.ಪಿ. ನಂದು ರೀ," ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈಸಿಕೊಳ್ಳಲಿಕ್ಕೆ ಮೈ ಗಟ್ಟಿ ಮಾಡಿಕೊಂಡೂ ಕೂತಿದ್ದೆ.

"ಅವತ್ತು ಇವರದ್ದು ಎಷ್ಟಿತ್ತು?"

"ನೂರಾ ಎಂಬತ್ತು, ನೂರಾ ಹದಿನಾರು."

ಅವರು ಬರೆದುಕೊಂಡರು. ಅಷ್ಟೇ. ತಮ್ಮ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದ. ಎರಡು ವರ್ಷ ನನಗದು ಅಷ್ಟು ಚೆನ್ನಾಗಿ ನೆನಪಿತ್ತು ಅನ್ನುವುದು ಅವನಿಗೆ ಆಗಲೇ ಗೊತ್ತಾದದ್ದು.

ಆಸ್ಪತ್ರೆಗೆ ಸೇರಿಸಿಕೊಂಡು, ಒಂದು ಪಕ್ಕದಲ್ಲಿ ಬಿ.ಪಿ. ಹಿಡಿತಕ್ಕೆ ತರುತ್ತಲೇ ಪರೀಕ್ಷೆ ಶುರು ಮಾಡಿದರು. ರಕ್ತದಲ್ಲಿ ಪೊಟ್ಯಾಷಿಯಂ ಅನ್ನುವ ಲವಣ ಬಹಳ ಕಡಿಮೆ ಇತ್ತು. ಕಾಲು ಸೋಲುವುದು, ಬೆರಳು ಸೊಟ್ಟಗಾಗುವುದು, ಬಾಯಾರಿಕೆ ಎಲ್ಲ ಅದರಿಂದಲೇ ಅಂತೆ, ಕೆಲಸಗಳ್ಳತನದಿಂದ ಅಲ್ಲ. ಕಿಡ್ನಿಗೆ ಹೋಗುವ ರಕ್ತನಾಳ ಸಣ್ಣದಾಗಿದೆಯೇ ಅಂತ ನೋಡಿದರು, ಆಗಿರಲಿಲ್ಲ. ಕೆಲವು ಮಾತ್ರೆ ಬದಲಾಯಿಸಿ ಕಾದು, ರಕ್ತ ತೆಗೆದು ಹೊರಗಿನ ಊರಿಗೆ ಕಳಿಸಿದರು. ಮಾಮೂಲಿ ಸ್ಕ್ಯಾನಿಂಗಿನಲ್ಲಿ ಏನೂ ಕಾಣದೆ, ನರಕ್ಕೆ ಔಷಧಿ ಕೊಟ್ಟು ದೊಡ್ಡ ಯಂತ್ರದಲ್ಲಿ ಮಲಗಿಸಿ ತೆಗೆದ ಮೇಲೆ ಎಡ ಕಿಡ್ನಿಯ ಅಂಚಿನಲ್ಲಿ ಗೋಲಿಗಿಂತ ಒಂಚೂರು ದೊಡ್ಡದಾದ ಒಂದು ಗಡ್ಡೆ ಸಿಕ್ಕಿತು.

ಗಡ್ಡೆ ಅಂದ ಕೂಡಲೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರಮ್ಮ ಅವಳ ಪಕ್ಕ ಕೂತರು.

"ಅಳಬ್ಯಾಡ್ರೀ ಅಮ್ಮಾ. ಇದು ಕ್ಯಾನ್ಸರ್ ಥರ ಕಾಣ್ತಿಲ್ಲ. ರೆನಿನೋಮ ಅಂತ ಹೆಸರು. ಬಹಳ ಅಪರೂಪ. ಇಷ್ಟು ವರ್ಷದಾಗೆ ನಾನು ಇದಕ್ಕೂ ಮುಂಚೆ ಒಂದೇ ಒಂದು ನೋಡಿರೋದು. ಚಿಕ್ಕ ವಯಸ್ಸಿನವರಿಗೇ ಬರೋದು ಜಾಸ್ತಿ."

ಆಮೇಲೆ ನಮಗೆ ತಿಳಿಯುವ ಹಾಗೆ ಹೇಳಿದರು. ಕಿಡ್ನಿಯೊಳಗೆ ರಕ್ತದ ಒತ್ತಡ ನೋಡಿಕೊಳ್ಳುವ ಸಣ್ಣ ಕಣಗಳು ಇರುತ್ತವೆ. ಒತ್ತಡ ಇಳಿದರೆ ಅವು ರೆನಿನ್ ಅನ್ನುವ ರಸ ಬಿಟ್ಟು ಮೈಗೆ ಸುದ್ದಿ ಕಳಿಸುತ್ತವೆ. ಮೈ ಉಪ್ಪು ಹಿಡಿದಿಟ್ಟು, ಪೊಟ್ಯಾಷಿಯಂ ಹೊರಗೆ ಹಾಕಿ, ರಕ್ತನಾಳ ಬಿಗಿ ಮಾಡಿ ಒತ್ತಡ ಏರಿಸುತ್ತದೆ. ಇವನಲ್ಲಿ ಅದೇ ಕಣಗಳು ಗಡ್ಡೆಯಾಗಿ ಬೆಳೆದು, ಒತ್ತಡ ಎಷ್ಟೇ ಏರಿದರೂ ಇಳಿದಿದೆ, ಇಳಿದಿದೆ ಅಂತಲೇ ಸುದ್ದಿ ಕಳಿಸುತ್ತಿವೆ.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಒಳಗೆ ಕೂತ ಆ ಗಡ್ಡೆ ಒತ್ತಡ ಕಮ್ಮಿ ಇದೆ ಅಂತ ಅವನ ಮೈಗೆ ಸುಳ್ಳು ಹೇಳುತ್ತಿತ್ತು. ಹೊರಗೆ ನಿಂತ ನಾನು ಒತ್ತಡ ಸರಿಯಾಗಿದೆ ಅಂತ ಡಾಕ್ಟರಿಗೆ ಸುಳ್ಳು ಹೇಳುತ್ತಿದ್ದೆ. ಇಬ್ಬರ ನಡುವೆ ನಿಜ ಹೇಳುತ್ತಿದ್ದವನು ಅವನೊಬ್ಬ, ಅವನನ್ನೇ ಸುಳ್ಳ ಅಂದೆವು.

ಹೊಟ್ಟೆಗೆ ಸಣ್ಣ ತೂತು ಮಾಡಿ, ಕಿಡ್ನಿ ಉಳಿಸಿಕೊಂಡು, ಗಡ್ಡೆ ಇದ್ದ ಭಾಗವನ್ನಷ್ಟೇ ತೆಗೆದರು. ಪರೀಕ್ಷೆಗೆ ಕಳಿಸಿದ ಗಡ್ಡೆ ನಿರಪಾಯದ್ದೇ ಅಂತ ಬರೆದು ಬಂತು. ನಾಲ್ಕನೇ ದಿನ ಬಿ.ಪಿ. ನೂರಾ ಹದಿನಾರು, ಎಪ್ಪತ್ತನಾಲ್ಕು. ನನ್ನದಕ್ಕಿಂತ ಚೆನ್ನಾಗಿದೆ. ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿದರು. ಕಾಲಿಗೆ ಬಲ ಬಂತು. ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ಕೆಳಮೂಲೆಯಲ್ಲಿ ಒಂದು ಮಬ್ಬು ಹಾಗೇ ಉಳಿಯಿತು, ಅದು ಪೂರ್ತಿ ಹೋಗುವುದು ಅನುಮಾನ ಅಂದರು. ಎರಡು ವರ್ಷ ಮೊದಲು ಬಂದಿದ್ದರೆ ಅಂತ ನಾನು ಕೇಳಿದೆ. "ಬಂದಿದ್ರೆ ಇದು ಇರ್ತಿರಲಿಲ್ಲ ಅನ್ಸುತ್ತೆ," ಅಂದು ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು.

ಇನ್ನು ಅವ್ವನ ಲೆಕ್ಕಾಚಾರ ಬೇರೆ. ಆಪರೇಷನ್ ಆದದ್ದು ಕಾರ್ಖಾನೆಯಿಂದ ಸಿಕ್ಕಿದ ವಿಮೆ ಕಾರ್ಡಿನಲ್ಲಿ. ಅವತ್ತು ನಾನು ಕುರ್ಚಿಯಲ್ಲಿ ಕೂರದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಕಾರ್ಡು ಇಲ್ಲ. ಆದ್ದರಿಂದ ತಮ್ಮನನ್ನು ಉಳಿಸಿದವನು ನಾನೇ. ನೋಡಲಿಕ್ಕೆ ಬಂದ ನೆಂಟರಿಗೆಲ್ಲ ಹೀಗೇ ಹೇಳಿದಳು. "ದೊಡ್ಡೋನು ಅವತ್ತು ಉಪಾಯ ಮಾಡಿದ್ದಕ್ಕೆ ಇವತ್ತು ಹುಡುಗ ಬದುಕಿದ." ನೆಂಟರು ನನ್ನ ಬೆನ್ನು ತಟ್ಟಿದರು. ಒಬ್ಬರು ಬಾಳೆಹಣ್ಣು ನನಗೇ ಕೊಟ್ಟರು.

ತಮ್ಮ ಗೋಡೆ ಕಡೆ ತಿರುಗಿ ಮಲಗಿದ್ದ. ಮನೆಗೆ ಬಂದ ಮೇಲೂ ನನ್ನ ಜೊತೆ ಮಾತಿಲ್ಲ. ಊಟ ಆಯ್ತೇನೋ ಅಂದರೆ ಹೂಂ. ಹತ್ತು ದಿನ ನೋಡಿದೆ. ಹನ್ನೊಂದನೇ ದಿನ ಅವನ ಎದುರು ಕೂತು, "ಬೈಯಾದಾದ್ರೆ ಬೈದುಬಿಡೋ. ಅವತ್ತು ನಿನ್ನ ಬದ್ಲು ನಾನು ಕೂತಿದ್ದು ತಪ್ಪಾತು," ಅಂದೆ.

"ಅದಕ್ಕ ಯಾಕ ಬೈಲಿ? ನಾನೂ ಸುಮ್ನಿದ್ನಲ್ಲ. ಕೆಲಸ ನನಗೂ ಬೇಕಿತ್ತು."

"ಮತ್ತೆ?"

"ಡಾಕ್ಟ್ರ ಮುಂದೆ ಸುಳ್ಳ ಅಂದ್ಯಲ್ಲ." ಅವನು ನನ್ನ ಕಡೆ ತಿರುಗಿದ. "ನಾನು ಒಂದು ಮಾತ್ರೀನೂ ಬಿಟ್ಟಿರಲಿಲ್ಲ. ನಿನಗ ಗೊತ್ತಿತ್ತು. ಅಷ್ಟು ಮಂದಿ ಮುಂದೆ ಬೈಸಿದಿ. ಮನೀಗೆ ಬಂದು ಬಾಯಿ ಬ್ಯಾರೆ ತೆಗಿಸಿದಿ."

ಎರಡು ವರ್ಷ ನಾನು ಒಂದು ತಪ್ಪನ್ನು ಹೊತ್ತುಕೊಂಡು ಓಡಾಡಿದ್ದೆ, ಅವನ ಮನಸ್ಸಿನಲ್ಲಿ ಇದ್ದದ್ದು ಇನ್ನೊಂದು. ಅದನ್ನು ನಾನು ತಪ್ಪಿನ ಪಟ್ಟಿಗೇ ಸೇರಿಸಿರಲಿಲ್ಲ.

"ಈಗ ನಾನು ಏನ್ ಮಾಡ್ಲಿ?"

"ಹೋಗಿ ಅವರಿಗೆ ಹೇಳು. ನನ್ನ ತಮ್ಮ ಸುಳ್ಳು ಹೇಳಿರಲಿಲ್ಲ, ಹೇಳಿದ್ದು ನಾನು ಅಂತ."

ಮರುದಿನ ಅಂಗಡಿ ತೆಗೆಯುವ ಮೊದಲೇ ಆ ಡಾಕ್ಟರ ಹತ್ತಿರ ಹೋದೆ. ಚೀಟಿ ತಗೊಂಡು ಜನರ ನಡುವೆ ಕೂತೆ. ಅವತ್ತು ಬೈಗುಳ ಕೇಳಿಸಿಕೊಂಡವರಲ್ಲಿ ಯಾರಾದರೂ ಇದ್ದಾರೇನೋ ಅಂತ ಮುಖಗಳನ್ನು ನೋಡಿದೆ. ನನ್ನ ಸರದಿ ಬಂತು. ಡಾಕ್ಟರು ತೋಳು ಮುಂದೆ ಮಾಡು ಅಂದರು.

"ನನಗೇನೂ ಆಗಿಲ್ರೀ ಸರ್. ನನ್ನ ತಮ್ಮನ ವಿಚಾರ. ಅವನು ಮಾತ್ರಿ ಎಲ್ಲಾ ಸರಿಯಾಗಿ ತಗಂಡಿದ್ದ. ಸುಳ್ಳು ಹೇಳಿದ್ದು ನಾನು. ಆ ಸರ್ಟಿಫಿಕೇಟ್ನಾಗಿದ್ದ ಬಿ.ಪಿ.ನೂ ನಂದೇ ರೀ."

ಅವರು ತೋಳಿನ ಪಟ್ಟಿ ಮೇಜಿನ ಮೇಲಿಟ್ಟರು.

"ಯಾವ ತಮ್ಮ?"

ಸಣ್ಣಗಿದ್ದ, ಹರಿಹರದಲ್ಲಿ ಕೆಲಸ, ಇನ್ನೂರಾ ಹತ್ತು ಇತ್ತು, ನೀವು ಬೈದಿರಿ ಅಂತ ಎಲ್ಲ ಹೇಳಿದೆ. "ಇರಬಹುದಪ್ಪಾ, ದಿನಾ ನೂರು ಜನ ಬರ್ತಾರೆ, ಎಷ್ಟು ಮಂದಿಗೆ ಬೈತೀನಿ," ಅಂದರು. ಈಗ ಹೇಗಿದ್ದಾನೆ ಅಂತ ಕೇಳಿದರು. ಚೆನ್ನಾಗಿದ್ದಾನೆ, ಕಿಡ್ನಿಯಲ್ಲಿ ಗಡ್ಡೆ ಇತ್ತು, ತೆಗೆದರು ಅಂದೆ. ಅವರ ಮುಖ ಒಂದು ಗಳಿಗೆ ಬದಲಾಯಿತು. ಗಡ್ಡೆಯ ಹೆಸರು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು. ಆಮೇಲೆ ಮುಂದಿನವರನ್ನು ಕರೆಯಲಿಕ್ಕೆ ಗಂಟೆ ಒತ್ತಿದರು.

ಸಂಜೆ ಮನೆಗೆ ಬಂದಾಗ ತಮ್ಮ ಕಟ್ಟೆ ಮೇಲೆ ಕೂತಿದ್ದ.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಅವರಿಗೆ ನೆನಪೇ ಇಲ್ಲ ಕಣೋ."

"ನನಗೈತೆ," ಅಂದ ಅವನು.

ಆಮೇಲೆ ಸರಿದು ನನಗೂ ಕಟ್ಟೆ ಮೇಲೆ ಜಾಗ ಮಾಡಿದ. ಈಗ ನನ್ನ ಜೊತೆ ಮಾತಾಡುತ್ತಾನೆ, ನಗುತ್ತಾನೆ, ಕೆಲಸಕ್ಕೂ ಹೋಗುತ್ತಾನೆ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸಲಿಕ್ಕೆ ಹೋಗುವಾಗ ನಾನೂ ಜೊತೆಗೆ ಹೋಗುತ್ತೇನೆ. ಡಾಕ್ಟರ ಕೋಣೆಯ ಬಾಗಿಲಿನ ತನಕ ಮಾತ್ರ. ಒಳಗೆ ಅವನೊಬ್ಬನೇ ಹೋಗುತ್ತಾನೆ. ಏನು ಹೇಳಿದ, ಅವರು ಏನು ಬರೆದುಕೊಂಡರು ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ.